ಭೋಸರಿಯ ಸರ್ವರ್ ಕಾರ್ಖಾನೆಯಲ್ಲಿರಲೋ, ಕ್ಲೌಡ್‌ಗೆ ಹೋಗಲೋ?

ಪ್ರಶ್ನೆ: ನಾವು ಮೂಲತಃ ಬಾಗಲಕೋಟೆ ಜಿಲ್ಲೆಯವರು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದೇವೆ. ಪ್ರೈವೇಟ್ ಲಿಮಿಟೆಡ್ ಕಂಪನಿ. ಅರವತ್ತು ಕಾರ್ಮಿಕರಿದ್ದಾರೆ, ಕಚೇರಿಯಲ್ಲಿ ಹದಿನಾಲ್ಕು ಜನ. ಟ್ಯಾಲಿ ಸಾಫ್ಟ್‌ವೇರ್‌ನ ಲೆಕ್ಕ, ಸ್ಟೋರ್ಸ್ ದಾಖಲೆ, ಇಮೇಲ್, ಡ್ರಾಯಿಂಗ್‌ಗಳು, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳ ಪ್ರೋಗ್ರಾಂಗಳು ಎಲ್ಲವೂ ಏಳು ವರ್ಷ ಹಳೆಯ ಒಂದೇ ಸರ್ವರ್‌ನಲ್ಲಿವೆ. ಒಟ್ಟು ಒಂದೂವರೆ ಟಿಬಿ. ಈಗ ಅದು ಆಗಾಗ ನಿಂತುಹೋಗುತ್ತಿದೆ. ಹೊಸ ಸರ್ವರ್, ಯುಪಿಎಸ್ ಸೇರಿ 6.2 ಲಕ್ಷ ರೂಪಾಯಿ ಎನ್ನುತ್ತಾರೆ. ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬಾಡಿಗೆ ಸರ್ವರ್‌ಗೆ, ಹೋದರೆ ತಿಂಗಳಿಗೆ 26,000 ರೂಪಾಯಿ. ಅದರಲ್ಲಿ ಯಂತ್ರದ ಬಾಡಿಗೆ 18,000, ಉಳಿದದ್ದು ಡಿಸ್ಕ್ ಮತ್ತು ಬ್ಯಾಕಪ್‌ಗೆ. ಮಗ ಕ್ಲೌಡ್ ಎನ್ನುತ್ತಾನೆ. ನನ್ನ ಪಾಲುದಾರರಾದ ಅಣ್ಣನವರು ‘ನಮ್ಮ ಕಾಳು ನಮ್ಮ ಹಗೇವಿನಲ್ಲೇ ಇರಬೇಕು’ ಎನ್ನುತ್ತಾರೆ. ಯಾರ ಮಾತು ಸರಿ? ಹಳೆಯ ಸರ್ವರನ್ನು ಏನು ಮಾಡಬೇಕು?

ಉತ್ತರ: ಅಣ್ಣನವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ತಿರುಳಿದೆ. ಹಗೇವು ಕಟ್ಟಿದವರು ದಡ್ಡರಾಗಿರಲಿಲ್ಲ. ನೆಲದೊಳಗೆ ಕಾಳು ಕಳ್ಳನ ಕಣ್ಣಿಗೆ ಬೀಳುತ್ತಿರಲಿಲ್ಲ, ಇಲಿಗೆ ಸಿಗುತ್ತಿರಲಿಲ್ಲ. ಆದರೆ ಹಗೇವಿಗೆ ನೀರು ನುಗ್ಗಿದರೆ ಒಂದು ಚೀಲವೂ ಉಳಿಯುತ್ತಿರಲಿಲ್ಲ. ಅದಕ್ಕಾಗಿಯೇ ಬಿತ್ತನೆಯ ಬೀಜವನ್ನು ಬೇರೆ ಕಡೆ, ಬೇರೆ ಗಡಿಗೆಯಲ್ಲಿ, ಬೂದಿ ಬೆರೆಸಿ ಇಡುತ್ತಿದ್ದರು. ನಿಮ್ಮಲ್ಲಿ ಇಂದು ಹಗೇವು ಇದೆ, ಬೀಜದ ಗಡಿಗೆ ಇಲ್ಲ. ಪತ್ರ ಓದಿದಾಗ ನನಗೆ ಆತಂಕವಾದದ್ದು ಆ ಕಾರಣಕ್ಕೆ. ಒಂದೂವರೆ ಟಿಬಿ ಎಂದು ಬರೆದಿದ್ದೀರಿ, ಅದರ ಇನ್ನೊಂದು ಪ್ರತಿ ಎಲ್ಲಿದೆ ಎಂದು ಬರೆದಿಲ್ಲ.

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕುರ್ಲಾದಲ್ಲಿ ನಮ್ಮವರೇ ನಡೆಸುತ್ತಿದ್ದ ಒಂದು ಸಾಗಣೆ ಕಂಪನಿಯ ಕಂಪ್ಯೂಟರ್‌ಗಳನ್ನು ಆಗ ನಾನು ನೋಡಿಕೊಳ್ಳುತ್ತಿದ್ದೆ. ನೆಲಮಹಡಿಯ ಕಚೇರಿ, ಮೇಜಿನ ಕೆಳಗೆ ಸರ್ವರ್. ಪ್ರತಿ ಶನಿವಾರ ಟೇಪಿನಲ್ಲಿ ಬ್ಯಾಕಪ್ ತೆಗೆಯುತ್ತಿದ್ದೆವು. ಆ ಟೇಪುಗಳು ಅದೇ ಕೋಣೆಯ ಕಬ್ಬಿಣದ ಬೀರುವಿನ ಕೆಳ ಅರೆಯಲ್ಲಿದ್ದವು. ಮೂರನೆಯ ದಿನ ಬಾಗಿಲು ತೆರೆದಾಗ ಎರಡರ ಮೇಲೂ ಒಂದೇ ಕೆಸರು. ಹನ್ನೊಂದು ವರ್ಷಗಳ ಬಾಕಿ ಲೆಕ್ಕವನ್ನು ಆ ಕುಟುಂಬ ಗಿರಾಕಿಗಳ ಪ್ರಾಮಾಣಿಕತೆಯನ್ನು ನಂಬಿ ಮತ್ತೆ ಬರೆದುಕೊಂಡಿತು. ಬಂದದ್ದು ಬಂತು, ಬಾರದ್ದು ಹೋಯಿತು. ಟೇಪನ್ನು ಮಾಲೀಕರ ಮನೆಗೆ ಕಳುಹಿಸಿ ಎಂದು ನಾನು ಒತ್ತಾಯಿಸಬೇಕಿತ್ತು. ಅಂದಿನಿಂದ ಯಾರು ಯಾವ ಸಲಹೆ ಕೇಳಿದರೂ ನನ್ನ ಮೊದಲ ಪ್ರಶ್ನೆ ಎರಡನೆಯ ಪ್ರತಿಯ ಬಗ್ಗೆ.

ಈಗ ನೇರ ಉತ್ತರ. ಇಮೇಲ್ ಮತ್ತು ಟ್ಯಾಲಿ, ಸ್ಟೋರ್ಸ್ ಲೆಕ್ಕ ಕ್ಲೌಡ್‌ಗೆ ಹೋಗಲಿ. ಡ್ರಾಯಿಂಗ್‌ಗಳು ಮತ್ತು ಸಿಎನ್‌ಸಿ ಪ್ರೋಗ್ರಾಂಗಳು ಕಾರ್ಖಾನೆಯಲ್ಲೇ ಇರಲಿ, ಅವುಗಳ ನಕಲು ಪ್ರತಿ ರಾತ್ರಿ ಕ್ಲೌಡ್‌ಗೆ ಹೋಗಲಿ. ಕ್ಲೌಡ್‌ನಲ್ಲಿರುವ ಲೆಕ್ಕದ ನಕಲು ಪ್ರತಿ ರಾತ್ರಿ ನಿಮ್ಮ ಕಾರ್ಖಾನೆಗೆ ಬರಲಿ. ಮಗ ಹೇಳಿದ್ದೂ ಅಣ್ಣ ಹೇಳಿದ್ದೂ ಅರ್ಧರ್ಧ ಸರಿ. ಆದರೆ ಇಬ್ಬರೂ ಇಡೀ ಕಾರ್ಖಾನೆಯನ್ನು ಒಂದೇ ಗಂಟಾಗಿ ಕಟ್ಟಿ ನೋಡುತ್ತಿದ್ದಾರೆ.

ಕ್ಲೌಡ್ ಎಂಬ ಹೆಸರು ಕೇಳಿ ಆಕಾಶ ನೋಡಬೇಕಾಗಿಲ್ಲ. ನಾನಿರುವ ಮುಂಬೈನ ಮುಲುಂಡ್‌ನಿಂದ ಐರೋಲಿ ಸೇತುವೆ ದಾಟಿದರೆ ಐರೋಲಿ, ರಬಾಳೆ, ಮಹಾಪೆಗಳಲ್ಲಿ ಕಿಟಕಿಗಳಿಲ್ಲದ ದೊಡ್ಡ ಕಟ್ಟಡಗಳು ಕಾಣುತ್ತವೆ. ಅವು ಡೇಟಾ ಸೆಂಟರ್‌ಗಳು. ಅಲ್ಲಿಯೂ ಇರುವುದು ನಿಮ್ಮಲ್ಲಿರುವಂಥ ಸರ್ವರ್‌ಗಳೇ, ಸಾವಿರಗಟ್ಟಲೆ. ಮೈಕ್ರೋಸಾಫ್ಟ್ 2015ರಲ್ಲಿ ಭಾರತದಲ್ಲಿ ಕ್ಲೌಡ್ ಸೇವೆ ಆರಂಭಿಸಿದಾಗ ಆರಿಸಿಕೊಂಡ ಊರುಗಳಲ್ಲಿ ನಿಮ್ಮ ಪುಣೆಯೂ ಒಂದು. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬೈಗೆ ಬಂದವು. 2020ರ ಅಕ್ಟೋಬರ್ 12ರಂದು ಮುಂಬೈನ ವಿದ್ಯುತ್ ಜಾಲವೇ ಕುಸಿದು ಲೋಕಲ್ ರೈಲುಗಳು ಹಳಿಯ ಮೇಲೆ ನಿಂತವು. ಅಂಥ ದಿನಕ್ಕಾಗಿಯೇ ಈ ಕಟ್ಟಡಗಳಲ್ಲಿ ಡೀಸೆಲ್ ಜನರೇಟರ್‌ಗಳ ಸಾಲು ಇರುತ್ತದೆ. ನೀವು ಬಾಡಿಗೆ ಕೊಡುವುದು ಆ ಜನರೇಟರ್‌ಗೆ, ತಂಪಿಗೆ, ಕಾವಲಿಗೆ, ಕೆಟ್ಟ ಡಿಸ್ಕನ್ನು ನಡುರಾತ್ರಿ ಬದಲಿಸುವ ಕೈಗಳಿಗೆ.

ದುಡ್ಡಿನ ಮಾತಿಗೆ ಬರೋಣ. ಕ್ಲೌಡ್ ಅಗ್ಗ ಎಂದು ಮಾರುವವರು ಹೇಳುತ್ತಾರೆ. ದಿನದ ಇಪ್ಪತ್ತನಾಲ್ಕು ಗಂಟೆ ಒಂದೇ ಸಮನೆ ಓಡುವ ಯಂತ್ರಕ್ಕೆ ಅದು ಅಗ್ಗವಲ್ಲ. ನಿಮ್ಮ ಅಂಕಿಗಳನ್ನೇ ಇಟ್ಟು ಐದು ವರ್ಷದ ಲೆಕ್ಕ ಹಾಕಿದೆ. ಸರ್ವರ್ 6.2 ಲಕ್ಷ. 350 ವ್ಯಾಟ್‌ನ ಸರ್ವರ್ ವರ್ಷಕ್ಕೆ ಮೂರು ಸಾವಿರ ಯೂನಿಟ್ ದಾಟುತ್ತದೆ. ಅದನ್ನು ತಂಪಾಗಿಡುವ ಎಸಿಯದೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಸೇರಿ 6,500 ಯೂನಿಟ್, ಯೂನಿಟ್‌ಗೆ ಹತ್ತು ರೂಪಾಯಿ ಹಿಡಿದರೆ ಐದು ವರ್ಷಕ್ಕೆ ಮೂರೂಕಾಲು ಲಕ್ಷ. ನೋಡಿಕೊಳ್ಳಲು ಬರುವವರಿಗೆ ತಿಂಗಳಿಗೆ 8,000 ಎಂದರೆ 4.8 ಲಕ್ಷ. ನಡುವೆ ಒಮ್ಮೆ ಯುಪಿಎಸ್ ಬ್ಯಾಟರಿ ಬದಲಿಸಲು 60,000. ಒಟ್ಟು ಸುಮಾರು 14.85 ಲಕ್ಷ. ಕ್ಲೌಡ್ ಕಡೆ ಬಾಡಿಗೆಯೇ 15.6 ಲಕ್ಷ. ನೋಡಿಕೊಳ್ಳುವವರು ಅಲ್ಲಿಯೂ ಬೇಕು, ಅರ್ಧ ಹಿಡಿಯೋಣ, 2.4 ಲಕ್ಷ. ಎರಡನೆಯ ಇಂಟರ್ನೆಟ್ ಲೈನಿಗೆ 90,000. ಒಟ್ಟು 18.9 ಲಕ್ಷ. ಕ್ಲೌಡ್ ನಿಮಗೆ ನಾಲ್ಕು ಲಕ್ಷ ದುಬಾರಿ. ಜಿಎಸ್‌ಟಿಯನ್ನು ಸೇರಿಸಿಲ್ಲ, ಎರಡೂ ಕಡೆ ಕಟ್ಟಿದ್ದನ್ನು ನೀವು ಹಿಂದೆ ಪಡೆಯುತ್ತೀರಿ. ಆದಾಯ ತೆರಿಗೆಯಲ್ಲಿ ಸರ್ವರ್‌ಗೆ ವರ್ಷಕ್ಕೆ ಶೇ 40ರಂತೆ ಸವಕಳಿ, ಬಾಡಿಗೆಯಾದರೆ ಪೂರ್ತಿ ಆಯಾ ವರ್ಷದ ಖರ್ಚು. ಈ ವ್ಯತ್ಯಾಸ ನಿಮ್ಮ ಗಾತ್ರಕ್ಕೆ ದೊಡ್ಡದಲ್ಲ.

ಆದರೆ ಕ್ಲೌಡ್ ಯಂತ್ರಕ್ಕೆ ಒಂದು ಗುಣವಿದೆ, ಮಾರುವವರು ಅದನ್ನು ತಾವಾಗಿ ಹೇಳುವುದು ಕಡಿಮೆ. ಅದನ್ನು ಬೇಡದ ಹೊತ್ತಿನಲ್ಲಿ ಆಫ್ ಮಾಡಿಡಬಹುದು. ಆಫ್ ಆಗಿರುವ ಹೊತ್ತಿನಲ್ಲಿ ಯಂತ್ರದ ಬಾಡಿಗೆ ಏರುವುದಿಲ್ಲ, ಡಿಸ್ಕಿನ ಬಾಡಿಗೆ ಮಾತ್ರ ಏರುತ್ತದೆ. ನಿಮ್ಮ ಕಚೇರಿ ವಾರಕ್ಕೆ ಆರು ದಿನ, ದಿನಕ್ಕೆ ಹನ್ನೊಂದು ಗಂಟೆ ನಡೆಯುತ್ತದೆ ಎಂದುಕೊಳ್ಳಿ. ವಾರದ 168 ಗಂಟೆಗಳಲ್ಲಿ ಅದು 66. ರಾತ್ರಿಯ ಬ್ಯಾಕಪ್ ಮುಗಿದ ಕೂಡಲೇ ತಾನೇ ಆರಿ ಬೆಳಿಗ್ಗೆ ತಾನೇ ಹೊತ್ತಿಕೊಳ್ಳುವಂತೆ ಸಮಯ ನಿಗದಿ ಮಾಡಿದರೆ 18,000ದ ಬಾಡಿಗೆಯಲ್ಲಿ ಸುಮಾರು ಹತ್ತು ಸಾವಿರ ಉಳಿಯುತ್ತದೆ. ಐದು ವರ್ಷಕ್ಕೆ ಆರು ಲಕ್ಷ. ಲೆಕ್ಕ ತಿರುಗಿತು, ಈಗ ಕ್ಲೌಡ್ ಎರಡು ಲಕ್ಷ ಅಗ್ಗ. ಒಂದು ಅಥವಾ ಮೂರು ವರ್ಷಕ್ಕೆ ಮೊದಲೇ ಒಪ್ಪಿಕೊಂಡರೆ ದೊಡ್ಡ ರಿಯಾಯಿತಿ ಎಂದೂ ಹೇಳುತ್ತಾರೆ, ಅದು ನಿಜ. ಆದರೆ ಹಾಗೆ ಒಪ್ಪಿಕೊಂಡ ಮೇಲೆ ಯಂತ್ರ ಆರಿದ್ದರೂ ಹಣ ಕಟ್ಟಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಮೊದಲ ಆರು ತಿಂಗಳು ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ. ನಿಮಗೆ ಎಷ್ಟು ದೊಡ್ಡ ಯಂತ್ರ ಬೇಕೆಂಬುದು ಆಗಲೇ ತಿಳಿಯುವುದು. ನನ್ನ ಅನುಭವದಲ್ಲಿ ಮೊದಲ ಕೊಟೇಶನ್‌ನ ಯಂತ್ರ ಯಾವಾಗಲೂ ಬೇಕಾದದ್ದಕ್ಕಿಂತ ದೊಡ್ಡದು. ಡ್ರಾಯಿಂಗ್‌ಗಳನ್ನು ಹೊರಗಿಟ್ಟರೆ ನಿಮ್ಮದೂ ಕಿರಿದಾಗುತ್ತದೆ.

ಡ್ರಾಯಿಂಗ್‌ಗಳನ್ನು ಏಕೆ ಹೊರಗಿಡಬೇಕು? 200 ಎಂಬಿಯ ಒಂದು ಅಸೆಂಬ್ಲಿ ಡ್ರಾಯಿಂಗ್ ತೆರೆಯಲು ಕಾರ್ಖಾನೆಯೊಳಗಿನ ಕೇಬಲ್‌ನಲ್ಲಿ ಎರಡು ಸೆಕೆಂಡ್ ಸಾಕು. 50 ಎಂಬಿಪಿಎಸ್ ಇಂಟರ್ನೆಟ್‌ನಲ್ಲಿ, ಲೈನ್ ಪೂರ್ತಿ ನಿಮ್ಮದೇ ಆಗಿದ್ದರೂ, ಅರ್ಧ ನಿಮಿಷಕ್ಕಿಂತ ಹೆಚ್ಚು. ನಾಲ್ಕು ಜನ ಒಟ್ಟಿಗೆ ತೆರೆದರೆ ಎರಡು ನಿಮಿಷ. ಡಿಸೈನ್ ಮಾಡುವ ಹುಡುಗರು ದಿನಕ್ಕೆ ಅರವತ್ತು ಸಲ ಕಡತ ತೆರೆಯುತ್ತಾರೆ. ಎರಡನೆಯ ವಾರ ಅವರು ಡ್ರಾಯಿಂಗ್‌ಗಳನ್ನು ತಮ್ಮ ತಮ್ಮ ಕಂಪ್ಯೂಟರ್‌ಗೆ ಇಳಿಸಿಕೊಂಡು ಕೆಲಸ ಮಾಡಲು ತೊಡಗುತ್ತಾರೆ, ಮೂರನೆಯ ವಾರ ಯಾವ ಡ್ರಾಯಿಂಗ್ ಕೊನೆಯದೆಂದು ಯಾರಿಗೂ ತಿಳಿಯದು, ಹಳೆಯ ಅಳತೆಯಲ್ಲಿ ಐನೂರು ಪೀಸ್ ಕಡಿದು ಗುಜರಿಗೆ ಹೋಗುತ್ತವೆ. ಡ್ರಾಯಿಂಗ್‌ಗಳನ್ನು ಕಾರ್ಖಾನೆಯಲ್ಲೇ ಇಡಲು ಎರಡು ಡಿಸ್ಕ್‌ಗಳ, ಒಂದರದ್ದೇ ಪಡಿಯಚ್ಚು ಇನ್ನೊಂದರಲ್ಲಿರುವ, ಒಂದು ಚಿಕ್ಕ ಸ್ಟೋರೇಜ್ ಪೆಟ್ಟಿಗೆ ಸಾಕು. ಸಿಎನ್‌ಸಿ ಯಂತ್ರಗಳೂ ಅಷ್ಟೇ. ರಸ್ತೆ ಅಗೆದು ಫೈಬರ್ ಕಡಿದ ದಿನ ಮಷೀನು ನಿಲ್ಲಬಾರದು. ಪುಣೆಯಲ್ಲಿ ರಸ್ತೆ ಅಗೆಯದ ತಿಂಗಳು ಯಾವುದಿದೆ ನೀವೇ ಹೇಳಿ.

ಇಮೇಲ್‌ನ ವಿಷಯದಲ್ಲಿ ಚರ್ಚೆಯೇ ಬೇಡ. ನಿಮ್ಮ ಗಾತ್ರದ ಕಂಪನಿ ಸ್ವಂತ ಮೇಲ್ ಸರ್ವರ್ ಇಟ್ಟುಕೊಳ್ಳುವ ಕಾಲ ಮುಗಿದಿದೆ.

ಇನ್ನು ಅಪಾಯಗಳು. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕ್ಲೌಡ್‌ಗೆ ಹೋದರೆ ಬ್ಯಾಕಪ್‌ನ ಚಿಂತೆ ಇಲ್ಲ ಎಂಬ ನಂಬಿಕೆ ತುಂಬಾ ಜನರಲ್ಲಿದೆ. ಯಂತ್ರವನ್ನು ಓಡಿಸುವ ಹೊಣೆ ಅವರದು. ಅದರೊಳಗಿನ ನಿಮ್ಮ ಲೆಕ್ಕವನ್ನು ಉಳಿಸುವ ಹೊಣೆ ನಿಮ್ಮದು. ಎಲ್ಲ ದೊಡ್ಡ ಕಂಪನಿಗಳ ಒಪ್ಪಂದದಲ್ಲೂ ಹೀಗೆಯೇ ಇದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಬೆಂಕಿಗೆ ಆಹುತಿಯಾಯಿತು. ಬೇರೆ ಕಡೆ ಪ್ರತಿ ಇಡದಿದ್ದ ಗಿರಾಕಿಗಳ ಕಡತಗಳು ಅಲ್ಲಿಗೇ ಮುಗಿದವು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯುನಿಸೂಪರ್ ಎಂಬ ಪಿಂಚಣಿ ನಿಧಿಯ ಕ್ಲೌಡ್ ಖಾತೆ ಗೂಗಲ್ ಕಡೆಯ ತಪ್ಪಿನಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ಒಂದು ವಾರಕ್ಕೂ ಮೇಲ್ಪಟ್ಟು ತಮ್ಮ ಖಾತೆ ನೋಡಲಾಗಲಿಲ್ಲ. ಅವರು ಚೇತರಿಸಿಕೊಳ್ಳಲು ನೆರವಾದದ್ದು ಇನ್ನೊಂದು ಕಂಪನಿಯ ಬಳಿ ಇಟ್ಟಿದ್ದ ಪ್ರತಿ. ನಮ್ಮ ಹಿರಿಯರು ಬೀಜದ ಗಡಿಗೆಯನ್ನು ಹಗೇವಿನೊಳಗೆ ಇಡದಿದ್ದದ್ದು ಇದಕ್ಕೇ.

ಇನ್ನೊಂದು ಸಂಗತಿ ಅಣ್ಣನವರಿಗೆ ತಿಳಿದಿರಬೇಕು. ಮುಂಬೈನಲ್ಲಿ ಕೇಂದ್ರ ಕಚೇರಿ ಇರುವ ನಯಾರಾ ಎನರ್ಜಿ ಎಂಬ ತೈಲ ಕಂಪನಿಗೆ 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿದಾಗ ಮೈಕ್ರೋಸಾಫ್ಟ್ ಅದರ ಸೇವೆಗಳನ್ನು ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು, ಕೆಲವು ದಿನಗಳಲ್ಲಿ ಸೇವೆ ಮರಳಿತು. ನಿಮ್ಮ ಕಾರ್ಖಾನೆಗೆ ಯಾರೂ ನಿರ್ಬಂಧ ಹೇರುವುದಿಲ್ಲ. ಆದರೂ ಕೀಲಿ ಇನ್ನೊಬ್ಬರ ಕೈಯಲ್ಲಿದೆ ಎಂಬ ಅಣ್ಣನವರ ಅಳುಕು ಆಧಾರವಿಲ್ಲದ್ದಲ್ಲ.

ಸಣ್ಣ ಉದ್ಯಮಗಳಿಗೆ ಆ ಕೀಲಿ ಕೈತಪ್ಪುವುದು ಐರೋಪ್ಯ ಒಕ್ಕೂಟದ ಬ್ರಸೆಲ್ಸ್‌ನಲ್ಲಲ್ಲ, ಇಲ್ಲಿಯೇ. ಠಾಣೆಯ ಒಬ್ಬ ಔಷಧ ವಿತರಕರ ಕ್ಲೌಡ್ ಖಾತೆಯನ್ನು ಅವರ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ವ್ಯಕ್ತಿ ತನ್ನದೇ ಇಮೇಲ್‌ನಲ್ಲಿ, ತನ್ನದೇ ಕಾರ್ಡ್‌ನಲ್ಲಿ ತೆರೆದಿದ್ದ. ಬಾಕಿಯ ವಿಚಾರಕ್ಕೆ ಮಾತು ಬೆಳೆಯಿತು. ಆತ ಪಾಸ್‌ವರ್ಡ್ ಬದಲಿಸಿದ. ಒಂಬತ್ತು ದಿನ ಅವರು ಒಂದು ಬಿಲ್ ಹಾಕಲಾಗಲಿಲ್ಲ. ಔಷಧಗಳು ಗೋದಾಮಿನಲ್ಲಿ ಕುಳಿತವು. ಕ್ಲೌಡ್ ಕಂಪನಿಗೆ ಫೋನ್ ಮಾಡಿದರೆ, ‘ಖಾತೆ ಯಾರ ಹೆಸರಿನಲ್ಲಿದೆಯೋ ಅವರೊಂದಿಗೇ ಮಾತನಾಡುತ್ತೇವೆ’ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ದಯವಿಟ್ಟು ಈ ಒಂದು ಕೆಲಸವನ್ನು ಬೇರೆ ಯಾರಿಗೂ ಬಿಡಬೇಡಿ: ಖಾತೆಯನ್ನು ಕಂಪನಿಯ ಹೆಸರಿನಲ್ಲಿ, ಕಂಪನಿಯ ಜಿಎಸ್‌ಟಿ ಸಂಖ್ಯೆ ಹಾಕಿ, ಕಂಪನಿಯ ಕಾರ್ಡ್‌ನಿಂದ ನೀವೇ ಕುಳಿತು ತೆರೆಯಿರಿ. ಮೂಲ ಪಾಸ್‌ವರ್ಡ್ ನಿಮ್ಮ ಬಳಿ ಇರಲಿ, ಒಟಿಪಿ ನಿಮ್ಮ ಮತ್ತು ಅಣ್ಣನವರ ಮೊಬೈಲ್‌ಗೆ ಬರಲಿ. ಕೆಲಸ ಮಾಡುವವರಿಗೆ ಬೇರೆ ಬಳಕೆದಾರ ಹೆಸರು ಕೊಡಿ. ಅವರು ಬಿಟ್ಟುಹೋದ ದಿನ ಅದನ್ನು ಅಳಿಸಿ. ಬ್ಯಾಂಕಿನ ಲಾಕರ್ ಕೀಲಿಯನ್ನು ಎಷ್ಟೇ ನಂಬಿಕೆಯ ಗುಮಾಸ್ತನ ಕೈಗೂ ಕೊಡುವುದಿಲ್ಲವಲ್ಲ, ಹಾಗೆ.

ಟ್ಯಾಲಿಯನ್ನು ಕ್ಲೌಡ್‌ನಲ್ಲಿ ಅತಿ ಕಡಿಮೆ ದರಕ್ಕೆ ಕೊಡುತ್ತೇವೆ ಎಂದು ಬರುವವರನ್ನು ಎರಡು ಪ್ರಶ್ನೆ ಕೇಳಿ. ಒಂದೇ ಯಂತ್ರದಲ್ಲಿ ಎಷ್ಟು ಕಂಪನಿಗಳನ್ನು ಕೂರಿಸುತ್ತೀರಿ? ದೂರದಿಂದ ಆ ಯಂತ್ರದಲ್ಲಿ ಕೆಲಸ ಮಾಡುವ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು ಇಡೀ ಜಗತ್ತಿಗೆ ತೆರೆದಿದೆಯೇ, ನಮ್ಮ ಕಚೇರಿಗೆ ಮಾತ್ರವೇ? ಆ ಬಾಗಿಲು ತೆರೆದೇ ಇದ್ದು ಪಾಸ್‌ವರ್ಡ್ ಸುಲಭದ್ದಾಗಿದ್ದರೆ ಕನ್ನಗಾರರು ಹುಡುಕಿಕೊಂಡು ಬರಲು ಬಹಳ ದಿನ ಬೇಕಾಗುವುದಿಲ್ಲ. ಒಳಗೆ ಬಂದವರು ಎಲ್ಲ ಕಡತಗಳಿಗೆ ಬೀಗ ಜಡಿದು ಹಣ ಕೇಳುತ್ತಾರೆ. ಬದಲಾದದ್ದನ್ನೆಲ್ಲ ಕೂಡಲೇ ಕ್ಲೌಡ್‌ಗೆ ನಕಲು ಮಾಡುವ ಫೋಲ್ಡರ್ ಇದೆ ಎಂದು ನೆಮ್ಮದಿಯಿಂದಿರಬೇಡಿ; ಬೀಗ ಬಿದ್ದ ಕಡತವೂ ಅಷ್ಟೇ ಬೇಗ ಅಲ್ಲಿಗೆ ನಕಲಾಗುತ್ತದೆ. ಬೇಕಾದದ್ದು ಮೂವತ್ತು ದಿನ ಯಾರೂ, ಸ್ವತಃ ನೀವೂ, ಅಳಿಸಲಾಗದಂತೆ ಬಿಗಿದ ಪ್ರತಿ. ದೊಡ್ಡ ಕಂಪನಿಗಳೆಲ್ಲ ಈ ಸೌಲಭ್ಯ ಕೊಡುತ್ತವೆ. ಕೇಳಿ ಹಾಕಿಸಿಕೊಳ್ಳಬೇಕು, ತಾನಾಗಿ ಬರುವುದಿಲ್ಲ.

ಶೇ 99.9ರಷ್ಟು ಹೊತ್ತು ಸೇವೆ ಎಂಬ ಭರವಸೆಯನ್ನೂ ಬಿಡಿಸಿ ನೋಡಿ. ತಿಂಗಳಿಗೆ 43 ನಿಮಿಷ ನಿಂತರೂ ಅವರು ಮಾತು ಉಳಿಸಿಕೊಂಡಂತೆಯೇ. ಅದಕ್ಕಿಂತ ಹೆಚ್ಚು ನಿಂತರೆ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತ ಸಿಗುತ್ತದೆ, ನಿಮ್ಮ ರವಾನೆ ತಪ್ಪಿದ ನಷ್ಟ ಸಿಗುವುದಿಲ್ಲ. ಹಾಗಿದ್ದರೂ ನಿಮ್ಮ ಹಳೆಯ ಸರ್ವರ್‌ಗಿಂತ ಅದು ಎಷ್ಟೋ ಮೇಲು. ನಿಮ್ಮನ್ನು ಹೆಚ್ಚಾಗಿ ನಿಲ್ಲಿಸುವುದು ಕ್ಲೌಡ್ ಅಲ್ಲ, ಅಲ್ಲಿಗೆ ಹೋಗುವ ಲೈನ್. ಎರಡು ಲೈನ್ ಬೇಕು ಎಂದದ್ದು ಅದಕ್ಕೆ. ಒಂದು ಫೈಬರ್ ಆದರೆ ಇನ್ನೊಂದು ಗಾಳಿಯ ಮೂಲಕ, ಬೇರೆ ಕಂಪನಿಯದು. ಎರಡೂ ಒಂದೇ ಗುಂಡಿಯಲ್ಲಿ ಹಾದುಹೋದರೆ ಒಂದೇ ಪಿಕಾಸಿಗೆ ಎರಡೂ ತುಂಡು.

ಕಾನೂನು. ನಿಮ್ಮದು ನೋಂದಾಯಿತ ಕಂಪನಿಯಾದ್ದರಿಂದ ಲೆಕ್ಕಪುಸ್ತಕಗಳ ಪ್ರತಿಯನ್ನು ಪ್ರತಿದಿನ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಇಡಬೇಕೆಂದು ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿ ಹೇಳುತ್ತದೆ. ಖಾತೆ ತೆರೆಯುವಾಗ ಮುಂಬೈ ಅಥವಾ ಪುಣೆಯನ್ನೇ ಆರಿಸಿ. ಅಗ್ಗಕ್ಕೆ ಸಿಗುತ್ತದೆಂದು ಬೇರೆ ದೇಶದತ್ತ ಹೋಗಬೇಡಿ. ಕಾರ್ಮಿಕರ ಆಧಾರ್, ಬ್ಯಾಂಕ್ ಖಾತೆಯ ವಿವರ ಸೋರಿದರೆ 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಡಿ ಮೊದಲ ಉತ್ತರದಾಯಿ ನೀವು, ಕ್ಲೌಡ್ ಕಂಪನಿಯಲ್ಲ. ರಕ್ಷಣೆಯ ಲೋಪಕ್ಕೆ ದಂಡದ ಮಿತಿ 250 ಕೋಟಿಯವರೆಗಿದೆ.

ಬಿಟ್ಟು ಬರುವ ದಾರಿಯನ್ನೂ ಒಳಗೆ ಹೋಗುವ ಮೊದಲೇ ನೋಡಿಕೊಳ್ಳಿ. ಕಡತಗಳನ್ನು ಒಳಗೆ ಹಾಕಲು ಶುಲ್ಕವಿಲ್ಲ, ಹೊರಗೆ ತೆಗೆಯಲು ಇದೆ. ದೊಡ್ಡ ಕಂಪನಿಗಳಲ್ಲಿ ಒಂದು ಜಿಬಿಗೆ ಹತ್ತು ರೂಪಾಯಿಯ ಆಸುಪಾಸು. ಪೂರ್ತಿ ಬಿಟ್ಟುಹೋಗುವವರು ಮೊದಲೇ ತಿಳಿಸಿದರೆ ಈ ಶುಲ್ಕ ಮನ್ನಾ ಮಾಡುವುದಾಗಿ 2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ ಘೋಷಿಸಿವೆ. ನಿಮ್ಮ ಒಂದೂವರೆ ಟಿಬಿಗೆ ಇದು ಹದಿನೈದು ಸಾವಿರದ ಮಾತು, ಹೆದರಬೇಕಾಗಿಲ್ಲ. ಹೆಚ್ಚು ಕಷ್ಟವಾಗುವುದು ಒಂದೇ ಕಂಪನಿಯಲ್ಲಿ ಮಾತ್ರ ಸಿಗುವ ವಿಶೇಷ ಸೌಲಭ್ಯಗಳ ಮೇಲೆ ಸಾಫ್ಟ್‌ವೇರ್ ಬರೆಸಿಕೊಂಡಾಗ. ಟ್ಯಾಲಿಯನ್ನು ಯಾವ ಯಂತ್ರಕ್ಕೆ ಬೇಕಾದರೂ ಎತ್ತಿಟ್ಟುಕೊಳ್ಳಬಹುದು.

ಹೋಗುವ ಕ್ರಮ ಹೀಗಿರಲಿ. ಮೊದಲು ಇಂದೇ, ಈ ಉತ್ತರ ಓದಿದ ದಿನವೇ, ಒಂದು ಹೊರ ಡಿಸ್ಕ್ ಕೊಂಡು ಎಲ್ಲವನ್ನೂ ನಕಲು ಮಾಡಿ ಅಣ್ಣನವರ ಮನೆಯಲ್ಲಿಡಿ. ನಿಂತು ನಿಂತು ಓಡುವ ಏಳು ವರ್ಷದ ಸರ್ವರ್ ನಿಮ್ಮ ತೀರ್ಮಾನಕ್ಕೆ ಕಾಯುವುದಿಲ್ಲ. ಆಮೇಲೆ ಇಮೇಲ್ ಸಾಗಿಸಿ. ಟ್ಯಾಲಿಯನ್ನು ಹೊಸ ಆರ್ಥಿಕ ವರ್ಷದ ಹೊಸ್ತಿಲಲ್ಲಿ ಅಲುಗಿಸಬೇಡಿ. ಜಿಎಸ್‌ಟಿ ಸಲ್ಲಿಕೆ ಮುಗಿದ ತಿಂಗಳ ಕೊನೆಯ ವಾರ ಒಳ್ಳೆಯದು. ಡ್ರಾಯಿಂಗ್‌ಗಳ ಮೊದಲ ಪ್ರತಿ ಮೇಲೆ ಹೋಗಲು 50 ಎಂಬಿಪಿಎಸ್‌ನಲ್ಲಿ ಸುಮಾರು ಮೂರು ದಿನ ಬೇಕು, ರಜೆಯ ಹೊತ್ತಿಗೆ ಹಚ್ಚಿ. ಆಮೇಲೆ ಮೂರು ತಿಂಗಳಿಗೊಮ್ಮೆ, ನಿಮ್ಮಲ್ಲಿ ವಾರದ ರಜೆಯಾದ ಒಂದು ಗುರುವಾರ, ಮಗನನ್ನು ಕೂರಿಸಿ ಬ್ಯಾಕಪ್‌ನಿಂದ ಟ್ಯಾಲಿಯನ್ನು ಬೇರೆ ಯಂತ್ರದಲ್ಲಿ ತೆರೆಸಿ. ಹಿಂದಿನ ದಿನದ ಕೊನೆಯ ಇನ್‌ವಾಯ್ಸ್ ಅಲ್ಲಿ ಕಾಣಬೇಕು. ಕಾಣದಿದ್ದರೆ ನಿಮ್ಮ ಬಳಿ ಬ್ಯಾಕಪ್ ಇಲ್ಲ, ಬ್ಯಾಕಪ್‌ನ ಬಿಲ್ ಮಾತ್ರ ಇದೆ.

ಹಳೆಯ ಸರ್ವರನ್ನು ಅಂಥ ಎರಡು ಪರೀಕ್ಷೆ ಮುಗಿಯುವವರೆಗೆ, ಅಂದರೆ ಆರು ತಿಂಗಳು, ಹಾಗೆಯೇ ಮುಚ್ಚಿಡಿ. ಅದರಲ್ಲಿ ಹೊಸದಾಗಿ ಏನನ್ನೂ ಬರೆಯಬೇಡಿ. ಬಳಿಕ ಪೆಟ್ಟಿಗೆಯನ್ನು ಗುಜರಿಗೆ ಕೊಡಬಹುದು, ಡಿಸ್ಕ್‌ಗಳನ್ನು ಕೊಡಬೇಡಿ. ಕಡತ ಅಳಿಸಿದ್ದೇವೆ, ಫಾರ್ಮ್ಯಾಟ್ ಮಾಡಿದ್ದೇವೆ ಎಂದರೆ ಸಾಲದು. ಗಿರಾಕಿಗಳ ಡ್ರಾಯಿಂಗ್, ಕಾರ್ಮಿಕರ ಆಧಾರ್ ಪ್ರತಿಗಳನ್ನು ಅದರಿಂದ ಮತ್ತೆ ಎತ್ತಬಹುದು. ಡಿಸ್ಕ್‌ಗಳನ್ನು ಬಿಚ್ಚಿ ನಿಮ್ಮದೇ ಡ್ರಿಲ್ಲಿಂಗ್ ಮಷೀನಿನ ಕೆಳಗೆ ಹಿಡಿದು, ಒಳಗಿನ ತಟ್ಟೆಗಳನ್ನೆಲ್ಲ ದಾಟುವಂತೆ ಪ್ರತಿಯೊಂದಕ್ಕೂ ಮೂರು ನಾಲ್ಕು ತೂತು ಕೊರೆಯಿಸಿ. ಕೆಲವು ಡಿಸ್ಕ್‌ಗಳ ತಟ್ಟೆ ಗಾಜಿನದಾಗಿರುತ್ತದೆ, ಕೊರೆಯುವವರು ಕನ್ನಡಕ ಹಾಕಿಕೊಳ್ಳಲಿ.